ಮಸಾಲೆ ಡಬ್ಬಿಯೂ ಮಳೆಗಾಲದ ಬೂಸರೂ

ರಾಯಬಾಗ ತಾಲ್ಲೂಕಿನ ಚಿಂಚಲಿ ಸುತ್ತಮುತ್ತ ಅರಿಷಿಣ ಹಾಕುವವರಿಗೆ ಗಡ್ಡೆ ಕೊಳೆ ಹೊಸ ರೋಗವಲ್ಲ. ಶ್ರಾವಣದಲ್ಲಿ ಸಾಲುಗಳ ನಡುವೆ ನೀರು ನಿಂತರೆ ಸಾಕು, ಎಲೆಯ ಅಂಚು ಒಣಗುತ್ತದೆ, ಬುಡ ಮೆತ್ತಗಾಗುತ್ತದೆ, ಎಳೆದರೆ ದಂಟು ಸಲೀಸಾಗಿ ಕೈಗೆ ಬರುತ್ತದೆ. ಮಣ್ಣಿನೊಳಗೆ ಗಡ್ಡೆ ಕೊಳೆತು ನಾರುತ್ತಿರುತ್ತದೆ. ಇದು ಪಿಥಿಯಂ ಎಂಬ, ಶಿಲೀಂಧ್ರವನ್ನೇ ಹೋಲುವ ಜೀವಿಯ ಕೆಲಸ. ಅದರ ಬೀಜಕಣಗಳು ನೀರಿನಲ್ಲಿ ಈಜಿಕೊಂಡು ಗಡ್ಡೆಯಿಂದ ಗಡ್ಡೆಗೆ ಹೋಗಬಲ್ಲವು. ಎಲೆ ಮೇಲೆ ಚುಕ್ಕೆ ಹಾಕಲು ಕೊಲೆಟೋಟ್ರೈಕಂ, ಟಫ್ರೀನಾ ಎಂಬ ಶಿಲೀಂಧ್ರಗಳು ಬೇರೆ ಇವೆ. ಗಾಯಕ್ಕೆ ಮೆತ್ತುವ, ಉಪ್ಪಿನಕಾಯಿಗೆ ಬೆರೆಸುವ, ಭಾರತ ಹುಣ್ಣಿಮೆಗೆ ಚಿಂಚಲಿಯ ಮಾಯಕ್ಕ ದೇವಿಯ ಜಾತ್ರೆಯಲ್ಲಿ ಭಂಡಾರವಾಗಿ ಹಾರುವ ಅರಿಷಿಣಕ್ಕೆ ತನ್ನ ಹೊಲದಲ್ಲಿ ತನ್ನನ್ನು ಉಳಿಸಿಕೊಳ್ಳುವ ಶಕ್ತಿ ಇಲ್ಲ.

ಮಸಾಲೆ ಪದಾರ್ಥಗಳಿಂದ ಬೂಷ್ಟು ಓಡಿಸುವ ಬಗ್ಗೆ ಮೊಬೈಲಿನಲ್ಲಿ ದಿನಕ್ಕೊಂದು ಉಪಾಯ ಬರುತ್ತಿರುವ ಈ ಕಾಲದಲ್ಲಿ ಮೊದಲು ಹೇಳಬೇಕಾದ ಮಾತು ಇದೇ ಅನ್ನಿಸಿತು. ಲವಂಗ, ದಾಲ್ಚಿನ್ನಿ, ಸಾಸಿವೆ, ಅಜವಾನ, ಬೆಳ್ಳುಳ್ಳಿ ಇವಕ್ಕೆ ಬೂಸರನ್ನು ತಡೆಯುವ ಗುಣ ನಿಜಕ್ಕೂ ಇದೆ, ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಕಂಡದ್ದು. ಆದರೆ ಅವು ಬೂಸರು ಬರುವ ಮುಂಚೆ ಕಾಯುತ್ತವೆ. ಬಂದು ಬೇರೂರಿದ ಬೂಸರನ್ನು ಅವುಗಳಿಂದ ತೆಗೆಯಲಾಗದು, ಅದು ಬಿಟ್ಟುಹೋದ ವಿಷವನ್ನಂತೂ ಯಾವ ಮಸಾಲೆಯೂ ಇಳಿಸದು. ಯಾವುದನ್ನು ಎಲ್ಲಿ, ಎಷ್ಟು, ಹೇಗೆ ಬಳಸಿದರೆ ಉಪಯೋಗ ಎಂಬುದನ್ನು ನಮ್ಮ ಕಡೆಯ ಅಡುಗೆಮನೆಯನ್ನೇ ಮುಂದಿಟ್ಟುಕೊಂಡು ನೋಡೋಣ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಇವು ಹೆಚ್ಚು ಮಳೆಯ ಸೀಮೆಗಳಲ್ಲ. ಮಲೆನಾಡಿನಂತೆ ನಾಲ್ಕು ತಿಂಗಳು ಬಟ್ಟೆ ಒಣಗದ ಊರುಗಳೂ ಅಲ್ಲ. ಆದರೂ ಇಲ್ಲಿ ತೇವಕ್ಕೆ ಬರವಿಲ್ಲ. ಮಹಾಬಳೇಶ್ವರದ ಕಡೆ ಸುರಿದ ಮಳೆ ಕೃಷ್ಣೆಯಾಗಿ ನಮ್ಮ ಹೊಲಕ್ಕೆ ಬರುತ್ತದೆ. 2005, 2019, 2021ರಲ್ಲಿ ಮನೆಯೊಳಗೇ ಬಂದಿತ್ತು. ಹೊಳೆ ಬಾರದ ವರ್ಷವೂ ಊರಿನ ಸುತ್ತ ಕಬ್ಬು, ಕಬ್ಬಿಗೆ ನಿಂತ ನೀರು. ಹೀಗಾಗಿ ಆಷಾಢದಿಂದ ದೀಪಾವಳಿಯವರೆಗೆ ಖಾರದ ಡಬ್ಬಿ, ಶೇಂಗಾ ಚೀಲ, ಒಣಕೊಬ್ಬರಿ, ಉಪ್ಪಿನಕಾಯಿ ಭರಣಿ ಇವನ್ನೆಲ್ಲ ಕಾಯುವುದೇ ಮನೆಯಲ್ಲಿ ಒಂದು ಕೆಲಸ.

ಮಸಾಲೆಯ ಒಳಗೆ ಇರುವುದೇನು

ಮಸಾಲೆಯ ಬಲವೆಲ್ಲ ಅದರ ಎಣ್ಣೆಯಲ್ಲಿದೆ, ಘಾಟಿನಲ್ಲಿದೆ. ಒಣ ಲವಂಗದಲ್ಲಿ ನೂರಕ್ಕೆ 15ರಿಂದ 20ರಷ್ಟು ಎಣ್ಣೆ, ಆ ಎಣ್ಣೆಯಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ಯುಜಿನಾಲ್. ಹಲ್ಲುನೋವಿಗೆ ಲವಂಗ ಕಚ್ಚಿದಾಗ ಜುಮ್ಮೆನ್ನಿಸುವುದು ಅದೇ. ದಾಲ್ಚಿನ್ನಿಯಲ್ಲಿ ಸಿನಮಾಲ್ಡಿಹೈಡ್. ಅಜವಾನದಲ್ಲಿ ಥೈಮಾಲ್. ಇವು ಶಿಲೀಂಧ್ರದ ಜೀವಕೋಶದ ಹೊರಪೊರೆಯನ್ನು ಹಾಳುಮಾಡಿ ಒಳಗಿನದ್ದು ಸೋರಿಹೋಗುವಂತೆ ಮಾಡುತ್ತವೆ. ಥೈಮಾಲ್ ಎಷ್ಟು ಗಟ್ಟಿಯೆಂದರೆ, ಬೂಸರು ಹಿಡಿದ ಹಳೆಯ ಕಡತಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಅದರ ಹಬೆ ಕೊಡುವ ಪದ್ಧತಿ ನಮ್ಮ ದೇಶದ ಪತ್ರಾಗಾರಗಳಲ್ಲಿ ಬಹಳ ಕಾಲ ಇತ್ತು. ಕೆಲಸ ಮಾಡುವವರ ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು ಈಚೆಗೆ ಕಡಿಮೆಯಾಗಿದೆ. ‘ಮನೆಮದ್ದು ತಾನೆ, ಏನಾದೀತು’ ಎನ್ನುವವರು ಇದನ್ನು ಗಮನಿಸಬೇಕು.

ಸಾಸಿವೆ, ಬೆಳ್ಳುಳ್ಳಿಗಳ ಕತೆ ಬೇರೆ. ಇಡೀ ಸಾಸಿವೆ ಕಾಳಿಗೆ ಘಾಟಿಲ್ಲ, ಸುಲಿದಿಟ್ಟ ಬೆಳ್ಳುಳ್ಳಿ ಎಸಳಿಗೂ ಅಷ್ಟಾಗಿ ವಾಸನೆ ಇಲ್ಲ. ಎರಡರಲ್ಲೂ ಮೂಲವಸ್ತು ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಕುಟ್ಟಿದಾಗ, ಅರೆದಾಗ ಎರಡೂ ಕೂಡುತ್ತವೆ. ಸಾಸಿವೆಗೆ ಜೊತೆಗೆ ಒಂದಿಷ್ಟು ನೀರೂ ಬೇಕು. ಆಗ ಸಾಸಿವೆಯಿಂದ ಅಲೈಲ್ ಐಸೊಥಯೊಸಯನೇಟ್ ಎಂಬ, ಮೂಗಿಗೆ ಹತ್ತುವ ಘಾಟು ಏಳುತ್ತದೆ. ಬೆಳ್ಳುಳ್ಳಿಯಿಂದ ಅಲಿಸಿನ್ ಹುಟ್ಟುತ್ತದೆ. ಅಲಿಸಿನ್ನನ್ನು ಅಮೆರಿಕದಲ್ಲಿ ಕವಲಿಟೊ ಮತ್ತು ಬೈಲಿ ಬೇರ್ಪಡಿಸಿ ಹೆಸರಿಟ್ಟದ್ದು 1944ರಲ್ಲಿ. ನಮ್ಮ ಅವ್ವಂದಿರ ಒರಳಿಗೆ ಅದಕ್ಕಿಂತ ಎಷ್ಟೋ ಮೊದಲಿಂದ ಅದರ ಪರಿಚಯವಿತ್ತು.

ಅಡುಗೆಮನೆಗೆ ಇದರಿಂದ ಸಿಗುವ ತಿಳಿವಳಿಕೆ ಏನೆಂದರೆ, ಆ ಕಿಣ್ವ ಬಿಸಿ ತಾಳುವುದಿಲ್ಲ. ಒಗ್ಗರಣೆಯಲ್ಲಿ ಚಟಪಟ ಸಿಡಿದ ಸಾಸಿವೆಗೆ ರುಚಿ ಇದೆ, ಬೂಸರು ತಡೆಯುವ ಬಲ ಇಲ್ಲ. ಕೆಂಪಗೆ ಹುರಿದ ಬೆಳ್ಳುಳ್ಳಿಯದೂ ಅದೇ ಪಾಡು. ಕುದಿಯುವ ನೀರಿನಲ್ಲಿ ಕಲಸಿದ ಸಾಸಿವೆ ಪುಡಿ ಸಪ್ಪಗಾಗುವುದೂ ಇದಕ್ಕೇ.

ಅರಿಷಿಣದ್ದು ಈ ಸಾಲಿನಲ್ಲಿ ನಡುವಿನ ಜಾಗ. ಅದರ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಕಷ್ಟ, ಪುಡಿಯಲ್ಲಿ ಇರುವುದೂ ನೂರಕ್ಕೆ ಮೂರೋ ಐದೋ. ಬೇರೆಯವುಗಳ ಜೊತೆ ಸೇರಿ ನೆರವಾಗುತ್ತದೆ, ಒಂಟಿಯಾಗಿ ಅಲ್ಲ. ಮೆಣಸಿನಕಾಯಿ, ಕೊತ್ತಂಬರಿ, ಕಾಳುಮೆಣಸು ಇವಂತೂ ಸ್ವತಃ ಬೂಸರಿಗೆ ಸುಲಭದ ತುತ್ತು. ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿ ಮೇಲೆ ಎರಡು ಸಲ ಅಡ್ಡಮಳೆ ಬಿದ್ದರೆ ತೊಟ್ಟಿನ ಕೆಳಗೆ, ಬೀಜದ ನಡುವೆ ಆಸ್ಪರ್ಜಿಲಸ್ ಎಂಬ ಬೂಸರು ಕೂರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ ಮಸಾಲೆ ಪದಾರ್ಥಗಳಲ್ಲೂ ಅಫ್ಲಾಟಾಕ್ಸಿನ್ ಎಂಬ ಬೂಸರಿನ ವಿಷಕ್ಕೆ ಮಿತಿ ಹಾಕಿರುವುದು, ಕಿಲೋಗೆ 30 ಮೈಕ್ರೊಗ್ರಾಂ, ಸುಮ್ಮನೆ ಅಲ್ಲ.

ಬೇಳೆ ಡಬ್ಬಿಗೆ ನಾಲ್ಕು ಲವಂಗ

ಇದು ಎಲ್ಲರೂ ಹೇಳುವ ಉಪಾಯ. ಲೆಕ್ಕ ಹಾಕಿ ನೋಡಿ. ಒಂದು ಲವಂಗದ ತೂಕ ಸುಮಾರು ಒಂದು ಗ್ರಾಮಿನ ಹತ್ತನೇ ಒಂದು ಪಾಲು. ಅದರಲ್ಲಿರುವ ಎಣ್ಣೆ 15–20 ಮಿಲಿಗ್ರಾಂ. ಅದೂ ಮೊಗ್ಗಿನೊಳಗೆ ಗಟ್ಟಿಯಾಗಿ ಕೂತಿದ್ದು ತಿಂಗಳುಗಟ್ಟಲೆ ಒಂದಿಷ್ಟೊಂದಿಷ್ಟೇ ಹೊರಬರುವಂಥದ್ದು. ಹತ್ತು ಕಿಲೋ ತೊಗರಿಬೇಳೆಗೆ ನಾಲ್ಕು ಲವಂಗ ಹಾಕಿ ಬೂಸರು ತಡೆದೆವು ಎನ್ನುವುದು ಮನಸ್ಸಿನ ಸಮಾಧಾನ. ಬಿಗಿ ಮುಚ್ಚಳದ ಸಣ್ಣ ಡಬ್ಬಿಯಲ್ಲಿ ಹುಳಕ್ಕೆ ವಾಸನೆ ಹಿಡಿಸದೆ ಇರಬಹುದು, ಅಷ್ಟೇ ಲಾಭ.

ಕಾಳುಕಡಿಗೆ ನಿಜವಾದ ಕಾವಲು ಅದು ಎಷ್ಟು ಒಣಗಿದೆ ಎಂಬುದರಲ್ಲಿದೆ. ಜೋಳ, ಗೋವಿನಜೋಳ, ಗೋಧಿಯಲ್ಲಿ ತೇವಾಂಶ ನೂರಕ್ಕೆ 12ರ ಆಸುಪಾಸು, ಸುಲಿದ ಶೇಂಗಾದಲ್ಲಿ 7–8 ಇದ್ದರೆ ಬೂಸರು ಏಳಲಾರದು. ಅಳೆಯುವ ಯಂತ್ರ ಇಲ್ಲದಿದ್ದರೆ ಉಪ್ಪಿನ ಪರೀಕ್ಷೆ ಮಾಡಬಹುದು. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗದಷ್ಟು ಕಾಳು ತುಂಬಿ. ಬಾಣಲೆಯಲ್ಲಿ ಬಿಸಿಮಾಡಿ ಆರಿಸಿದ ಪುಡಿ ಉಪ್ಪು ಎರಡು–ಮೂರು ಚಮಚ ಹಾಕಿ. ಮುಚ್ಚಿ ಒಂದು ನಿಮಿಷ ಜೋರಾಗಿ ಅಲ್ಲಾಡಿಸಿ, ಕಾಲು ಗಂಟೆ ಹಾಗೇ ಇಡಿ. ಉಪ್ಪು ಬಾಟಲಿಯ ಒಳಮೈಗೆ ಅಂಟಿಕೊಂಡರೆ ತೇವಾಂಶ 15ಕ್ಕಿಂತ ಹೆಚ್ಚಿದೆ, ಇನ್ನೂ ಬಿಸಿಲು ಬೇಕು. ಉಪ್ಪು ಅಂಟದೆ ಕೆಳಗೆ ಉದುರಿದರೆ ಅಪಾಯದ ಮಟ್ಟದಿಂದ ಇಳಿದಿದೆ. ಆಮೇಲೂ ಒಂದೆರಡು ಬಿಸಿಲು ಕೊಟ್ಟರೆ ನಷ್ಟವಿಲ್ಲ.

ಬೇವಿನ ಎಲೆ ಹಾಕುವವರು ಒಂದು ಮಾತು ನೆನಪಿಡಿ. ಹಸಿರೆಲೆ ತಂದು ಚೀಲದ ನಡುವೆ ಹುದುಗಿಸಿದರೆ ಅದರ ನೀರೇ ಕಾಳಿಗೆ ಇಳಿದು, ಎಲೆ ಇಟ್ಟ ಜಾಗದಲ್ಲೇ ಬೂಸರು ಏಳುತ್ತದೆ. ನೆರಳಲ್ಲಿ ಗರಿಗರಿ ಒಣಗಿಸಿದ ಎಲೆ ಮಾತ್ರ ಹಾಕಿ. ಅರಿಷಿಣ ಪುಡಿ ಸವರಿದ ಬೇಳೆಗೂ ಇದೇ ನಿಯಮ: ಪುಡಿ ಹತ್ತಲೆಂದು ನೀರು ಚಿಮುಕಿಸಬಾರದು, ಒಂದಿಷ್ಟು ಎಣ್ಣೆ ಕೈಗೆ ಸವರಿಕೊಂಡು ತಿಕ್ಕಿದರೆ ಸಾಕು.

ಹಿಂದೆ ನಮ್ಮ ಸೀಮೆಯಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬುತ್ತಿದ್ದರು. ಸಾಂಗ್ಲಿ ಪಕ್ಕದ ಹರಿಪುರದಲ್ಲಿ ಅರಿಷಿಣಕ್ಕೂ ನೆಲದೊಳಗೆ ಅಂಥದ್ದೇ ಪೇವುಗಳಿದ್ದವು. 2005ರ ಮಹಾಪೂರದಲ್ಲಿ ನೀರು ಹೊಕ್ಕು ಅವುಗಳಲ್ಲಿ ಬಹಳಷ್ಟು ಹಾಳಾದವು. ನೆಲದೊಳಗಿನ ಆ ಹೊಂಡಗಳಲ್ಲಿ ಲವಂಗವೂ ಇರಲಿಲ್ಲ, ಬೇವೂ ಅಷ್ಟಕ್ಕಷ್ಟೇ. ಬಾಯಿ ಮುಚ್ಚಿದ ಮೇಲೆ ಒಳಗಿನ ಕಾಳೇ ಉಸಿರಾಡಿ ಆಮ್ಲಜನಕ ತೀರಿಸುತ್ತಿತ್ತು, ಗಾಳಿ ಇಲ್ಲದೆ ಬೂಸರೂ ಹುಳವೂ ಬೆಳೆಯುತ್ತಿರಲಿಲ್ಲ. ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯಬಾರದು ಎಂಬ ಕಟ್ಟುನಿಟ್ಟು ಅದಕ್ಕೇ ಇತ್ತು.

ಉಪ್ಪಿನಕಾಯಿಯಲ್ಲಿ ಎಲ್ಲರೂ ಕೂಡಿದಾಗ

ಮಸಾಲೆಯ ಗುಣ ಪೂರ್ತಿ ಕೆಲಸಕ್ಕೆ ಬರುವ ಜಾಗ ಉಪ್ಪಿನಕಾಯಿ ಭರಣಿ. ಇಲ್ಲಿ ಯಾವುದೂ ಒಂಟಿಯಾಗಿ ದುಡಿಯುವುದಿಲ್ಲ. ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮಾವಿನ ಹುಳಿ ಬ್ಯಾಕ್ಟೀರಿಯಾ ತಡೆಯುತ್ತದೆ, ಸಾಸಿವೆಯ ಘಾಟು ಭರಣಿಯ ಮೇಲಿನ ಖಾಲಿ ಜಾಗ ತುಂಬುತ್ತದೆ, ಎಣ್ಣೆ ಗಾಳಿಯನ್ನು ಹೊರಗಿಡುತ್ತದೆ. ಬೂಸರಿಗೆ ಗಾಳಿ ಬೇಕೇ ಬೇಕು. ಅದು ಯಾವಾಗಲೂ ಎಣ್ಣೆಯಿಂದ ಮೇಲೆದ್ದ ಹೋಳಿನ ಮೇಲೆ, ಭರಣಿಯ ಕಂಠದ ಒಳಗೆ ಶುರುವಾಗುವುದನ್ನು ಗಮನಿಸಿರಬಹುದು.

ಒಂದು ಕಿಲೋ ಮಾವಿನ ಹೋಳಿಗೆ 150ರಿಂದ 200 ಗ್ರಾಂ ಉಪ್ಪು ಇರಲಿ. ರಕ್ತದೊತ್ತಡದ ಭಯಕ್ಕೆ ಉಪ್ಪು ಅರ್ಧಮಾಡಿ, ಅದರ ಬದಲು ಸಾಸಿವೆ–ಲವಂಗ ಹೆಚ್ಚಿಸುತ್ತೇವೆ ಎನ್ನುವವರಿದ್ದಾರೆ. ಆ ಲೆಕ್ಕ ಕೂಡುವುದಿಲ್ಲ. ಉಪ್ಪು ಕಡಿಮೆ ಬೇಕಾದವರು ಸ್ವಲ್ಪವೇ ಮಾಡಿ ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸುವುದು ಒಳ್ಳೆಯದು, ಅಥವಾ ಮಾಡಿದ್ದನ್ನೇ ಸಣ್ಣ ಹೋಳು ತಿನ್ನುವುದು. ಸಾಸಿವೆ ಪುಡಿ 50–75 ಗ್ರಾಂ, ಅರಿಷಿಣ ಎರಡು ಚಮಚ, ಹುರಿದ ಮೆಂತ್ಯದ ಪುಡಿ ಒಂದೂವರೆ ಚಮಚ, ಇಂಗು ಧಾರಾಳ. ಸಾಸಿವೆಯನ್ನು ಹುರಿಯದೆ, ಬಿಸಿಲಿಗೆ ಕಾಯಿಸಿ ಪುಡಿಮಾಡಿ. ಎಣ್ಣೆ ಹೊಗೆಯಾಡುವಷ್ಟು ಕಾಯಿಸಿ, ಪೂರ್ತಿ ಆರಿದ ಮೇಲೆ ಹಾಕಿ. ಬಿಸಿ ಎಣ್ಣೆ ಸುರಿದರೆ ಸಾಸಿವೆಯ ಕಿಣ್ವ ಅಲ್ಲೇ ಸತ್ತು, ಹೋಳಿನ ರಸ ತಾಗಿದಾಗ ಏಳಬೇಕಾದ ಘಾಟು ಏಳುವುದಿಲ್ಲ. ಎಣ್ಣೆ ಹೋಳಿನ ಮೇಲೆ ಒಂದು ಬೆರಳು ನಿಲ್ಲಬೇಕು. ನಾಲ್ಕನೇ ದಿನ ಹೋಳು ಎಣ್ಣೆ ಕುಡಿದು ಮೇಲೆ ಬಂದಿರುತ್ತದೆ, ಆಗ ಇನ್ನಷ್ಟು ಹಾಕಬೇಕು.

ನಮ್ಮ ಕಡೆಯ ಮನೆಗಳಲ್ಲಿ ಭರಣಿಗೆ ಇಂಗಿನ ಹೊಗೆ ಕೊಡುವುದುಂಟು. ಕೆಂಡದ ಮೇಲೆ ಇಂಗಿನ ಹರಳು ಹಾಕಿ, ತೊಳೆದು ಒಣಗಿಸಿದ ಭರಣಿಯನ್ನು ಬೋರಲು ಹಾಕುತ್ತಾರೆ. ಹೊಗೆಯ ಗಂಧಕದ ಅಂಶಗಳು ಒಂದಷ್ಟು ಕೆಲಸ ಮಾಡುತ್ತವೆ, ಕೆಂಡದ ಬಿಸಿ ಭರಣಿಯ ಕೊನೆಯ ಹನಿ ತೇವವನ್ನೂ ಹಾರಿಸುತ್ತದೆ. ನನ್ನ ಕೇಳಿದರೆ ಎರಡನೆಯದೇ ದೊಡ್ಡ ಲಾಭ. ಪರಿಮಳವಂತೂ ಬೋನಸ್ಸು.

ಬೆಳ್ಳುಳ್ಳಿಯ ವಿಷಯದಲ್ಲಿ ಎಚ್ಚರ. ಹಸಿ ಬೆಳ್ಳುಳ್ಳಿ ಎಸಳನ್ನು ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ವಾರಗಟ್ಟಲೆ ಇಡುವ ಹೊಸ ರೂಢಿ ಅಪಾಯದ್ದು. ಬೂಸರು ಬಾರದಿರಬಹುದು, ಆದರೆ ಗಾಳಿ ಇಲ್ಲದ, ಹುಳಿ ಇಲ್ಲದ ಜಾಗ ಬೊಟುಲಿನಂ ಬ್ಯಾಕ್ಟೀರಿಯಾಕ್ಕೆ ಹೇಳಿಮಾಡಿಸಿದ್ದು, ಅದರ ವಿಷಕ್ಕೆ ವಾಸನೆಯೂ ಇರದು ಬಣ್ಣವೂ ಇರದು. ನಿಂಬೆರಸ, ಉಪ್ಪು ಸಾಕಷ್ಟು ಹಾಕಿ, ಇಲ್ಲವೇ ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನದಲ್ಲಿ ಮುಗಿಸಿ.

ಮಸಾಲಿ ಖಾರ, ಶೇಂಗಾ ಚಟ್ನಿ

ಬ್ಯಾಡಗಿ, ಸಂಕೇಶ್ವರ ಮೆಣಸಿನಕಾಯಿಗೆ ಕೊತ್ತಂಬರಿ, ಎಳ್ಳು, ಒಣಕೊಬ್ಬರಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಗರಂ ಮಸಾಲೆ ಎಲ್ಲ ಕೂಡಿಸಿ ಬೇಸಿಗೆಯಲ್ಲಿ ವರ್ಷದ ಖಾರ ಕುಟ್ಟಿಸುವ ಮನೆಗಳು ಇನ್ನೂ ಇವೆ. ಇದರಲ್ಲಿ ಲವಂಗ, ದಾಲ್ಚಿನ್ನಿ ಇರುವುದರಿಂದ ಬೂಸರು ಬಾರದು ಎಂದುಕೊಂಡರೆ ಮೋಸ. ಖಾರ ಕೆಡಿಸುವವರು ಇಬ್ಬರು, ಉಳ್ಳಾಗಡ್ಡಿ ಮತ್ತು ಕೊಬ್ಬರಿ. ಉಳ್ಳಾಗಡ್ಡಿಯನ್ನು ತೆಳ್ಳಗೆ ಹೆಚ್ಚಿ ಬಿಸಿಲಲ್ಲಿ ಒಣಗಿಸಿ, ಆಮೇಲೆ ಎಣ್ಣೆಯಲ್ಲಿ ಗರಿಗರಿಯಾಗುವವರೆಗೆ ಕರಿಯಬೇಕು. ಹೊರಗೆ ಕೆಂಪಾಗಿ ಒಳಗೆ ಮೆತ್ತಗೆ ಉಳಿದ ಎರಡು ತುಂಡು ಇಡೀ ಡಬ್ಬಿಗೆ ಸಾಕು. ಕೊಬ್ಬರಿ ಒಡೆದು ಒಳಮೈ ನೋಡಿ: ಹಸಿರು, ಕಪ್ಪು ಚುಕ್ಕೆ ಇದ್ದರೆ ಆ ಗಿಟುಕನ್ನೇ ಬಿಡಿ, ಕೆರೆದು ಬಳಸಬೇಡಿ. ಕುಟ್ಟಿದ ಖಾರದ ಬಿಸಿ ಪೂರ್ತಿ ಆರುವವರೆಗೆ ಮುಚ್ಚಳ ಹಾಕದಿರಿ. ನಡುನಡುವೆ ಇಂಗಿನ ಹರಳು, ಹುರಿದ ಉಪ್ಪು ಇಟ್ಟು ಒತ್ತಿ ತುಂಬಿದರೆ ಒಳಗೆ ಗಾಳಿ ಉಳಿಯುವುದು ಕಡಿಮೆ. ದಿನದ ಬಳಕೆಗೆ ಸಣ್ಣ ಡಬ್ಬಿ ಬೇರೆ ಇರಲಿ.

ಶೇಂಗಾ ಚಟ್ನಿಯದು ಇನ್ನೊಂದು ಬಗೆಯ ತೊಂದರೆ. ಬೂಸರು ಹಿಡಿದ ಶೇಂಗಾ ಕಹಿ, ಕಮಟು. ಬಾಯಿಗೆ ಹಾಕಿದರೆ ಉಗುಳುತ್ತೇವೆ. ಅದೇ ಶೇಂಗಾವನ್ನು ಹುರಿದು, ಖಾರ, ಬೆಳ್ಳುಳ್ಳಿ, ಜೀರಿಗೆ ಹಾಕಿ ಕುಟ್ಟಿದರೆ ಕಮಟು ಮುಚ್ಚಿಹೋಗುತ್ತದೆ, ವಿಷ ಉಳಿಯುತ್ತದೆ. ಅಂಗಡಿಯ ಅಗ್ಗದ ಚಟ್ನಿಪುಡಿ ಕೊಳ್ಳುವಾಗ ನನಗೆ ಮೊದಲು ಹೊಳೆಯುವ ಅನುಮಾನವೇ ಇದು. ಮನೆಯಲ್ಲಿ ಮಾಡುವಾಗ ಹುರಿಯುವ ಮುಂಚೆ ಮೊರದಲ್ಲಿ ಹರವಿ ಮುದುಡಿದ, ಬಣ್ಣ ಕೆಟ್ಟ, ಹಸಿರು–ಕಪ್ಪು ಪುಡಿ ಮೆತ್ತಿದ ಕಾಳುಗಳನ್ನು ಆರಿಸಿ ತೆಗೆಯಿರಿ. ಅಫ್ಲಾಟಾಕ್ಸಿನ್ ಬಹುಪಾಲು ಅಂಥ ಕೆಲವೇ ಕಾಳುಗಳಲ್ಲಿ ಇರುತ್ತದೆ. ಆರಿಸಿದ್ದನ್ನು ದನಕ್ಕೂ ಹಾಕಬೇಡಿ. ಆಕಳು, ಎಮ್ಮೆ ತಿಂದರೆ ಅದರ ಒಂದು ರೂಪ ಹಾಲಿನಲ್ಲಿ ಬರುತ್ತದೆ.

ಈ ವಿಷದ ಬಗ್ಗೆ ಜಗತ್ತಿಗೆ ತಿಳಿದದ್ದು 1960ರಲ್ಲಿ, ಇಂಗ್ಲೆಂಡಿನಲ್ಲಿ ಬೂಸರು ಹಿಡಿದ ಶೇಂಗಾ ಹಿಂಡಿ ತಿಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತಾಗ. ನಮ್ಮ ದೇಶದಲ್ಲಿ 1974ರಲ್ಲಿ ಗುಜರಾತಿನ ಪಂಚಮಹಲ್, ರಾಜಸ್ಥಾನದ ಬಾನ್ಸ್‌ವಾಡಾ ಭಾಗದ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆಂದ ಗೋವಿನಜೋಳ ತಿಂದು ಕಾಮಾಲೆಯಾಗಿ 106 ಜನ ತೀರಿಕೊಂಡರು. ಇನ್ನೂ ಹತ್ತಿರದ್ದು 1995ರದು. ಕರ್ನಾಟಕ, ಆಂಧ್ರದ ದಖ್ಖನಿನ ಹಳ್ಳಿಗಳಲ್ಲಿ ಕೊಯ್ಲಿನ ಹೊತ್ತಿಗೆ ಮಳೆಗೆ ಸಿಕ್ಕ ಜೋಳ, ಗೋವಿನಜೋಳದ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಗುಡುಗುಡು, ಭೇದಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಪರೀಕ್ಷಿಸಿದಾಗ ಸಿಕ್ಕಿದ್ದು ಫ್ಯುಮೊನಿಸಿನ್ ಎಂಬ ಬೂಸರಿನ ವಿಷ. ಆ ಮನೆಗಳಲ್ಲೂ ಖಾರ, ಬೆಳ್ಳುಳ್ಳಿ, ಅರಿಷಿಣ ಇದ್ದೇ ಇದ್ದವು. ರೊಟ್ಟಿ ಬೇಯುವ, ಕಾಳು ಹುರಿಯುವ ಬಿಸಿಗೆ ಈ ವಿಷಗಳು ಪೂರ್ತಿ ನಾಶವಾಗುವುದಿಲ್ಲ. ಹೊಳೆ ನೀರಲ್ಲಿ ನೆಂದು ಮುಗ್ಗಿದ ಜೋಳವನ್ನು ತೊಳೆದು, ಒಣಗಿಸಿ, ಅರಿಷಿಣ ಬೆರೆಸಿ ಬೀಸಬೇಡಿ. ಬಡವರ ಮನೆಯಲ್ಲಿ ಈ ಮಾತು ಆಡುವುದು ಸುಲಭ, ಒಂದು ಚೀಲ ಜೋಳ ಚೆಲ್ಲುವುದು ಸುಲಭವಲ್ಲ. ಆದರೂ ಬೇರೆ ದಾರಿ ಇಲ್ಲ. ಮಹಾಪೂರದ ಪರಿಹಾರದಲ್ಲಿ ಕಾಳಿನ ನಷ್ಟವನ್ನೂ ಬರೆಸಿ.

ಮೈಮೇಲಿನ ಗಜಕರ್ಣಕ್ಕೆ

ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಕಬ್ಬಿಗೆ ನೀರು ಕಟ್ಟುವವರ ಕಾಲ್ಬೆರಳ ಸಂದಿಯ ಹುಣ್ಣು, ತೊಡೆಸಂದಿಯ ಗಜಕರ್ಣ, ಬೆನ್ನ ಮೇಲಿನ ಚಿಬ್ಬು ಎಲ್ಲವೂ ಶಿಲೀಂಧ್ರದ ಕಾಟಗಳೇ. ಬೆಳ್ಳುಳ್ಳಿಯಿಂದ ಸಿಗುವ ಅಜೋಯಿನ್ ಎಂಬ ಅಂಶವನ್ನು ವೆನೆಜುವೆಲಾದ ಸಂಶೋಧಕರು ಕಾಲ್ಬೆರಳ ಸಂದಿಯ ಸೋಂಕಿಗೆ ಹಚ್ಚಿ ನೋಡಿ 1996ರಲ್ಲಿ ಒಳ್ಳೆಯ ಫಲ ವರದಿ ಮಾಡಿದ್ದು ನಿಜ. ಅವರು ಹಚ್ಚಿದ್ದು ನೂರಕ್ಕೆ 0.4ರಷ್ಟು ಅಳತೆ ಮಾಡಿ ಸೇರಿಸಿದ ಕ್ರೀಮು. ಜಜ್ಜಿದ ಹಸಿ ಬೆಳ್ಳುಳ್ಳಿಯನ್ನು ಬಟ್ಟೆ ಕಟ್ಟಿ ರಾತ್ರಿಯಿಡೀ ಬಿಟ್ಟರೆ ಚರ್ಮ ಬೆಂದು ಬೊಬ್ಬೆ ಏಳುತ್ತದೆ; ಬೆಂದ ಚರ್ಮಕ್ಕೆ ಇನ್ನೊಂದು ಸೋಂಕು. ಲವಂಗದೆಣ್ಣೆಯನ್ನು ನೇರವಾಗಿ ಹಚ್ಚಿದರೂ ಸುಡುತ್ತದೆ. ಆ ಸೀಸೆ ಸಣ್ಣ ಮಕ್ಕಳ ಕೈಗೆ ಸಿಕ್ಕಿ ಕುಡಿದರೆ ಲಿವರ್ ಹಾಳಾಗುವಷ್ಟು ಅಪಾಯ. ಬಿಳಿಮುಟ್ಟಿಗೆ ಬೆಳ್ಳುಳ್ಳಿ ಎಸಳು, ಅರಿಷಿಣದ ನೀರು ಬಳಸುವ ಸಲಹೆಗಳನ್ನು ಹೆಂಗಸರು ಪೂರ್ತಿ ಬಿಡಬೇಕು.

ಈಗಿನ ಗಜಕರ್ಣ ಹಿಂದಿನದ್ದಲ್ಲ. ಟೆರ್ಬಿನಾಫಿನ್ ಮಾತ್ರೆಗೂ ಸುಲಭಕ್ಕೆ ಬಗ್ಗದ ಹೊಸ ತಳಿಯೊಂದು ಭಾರತದಲ್ಲಿ ಹರಡಿ, 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೇ ಎಂಬ ಹೆಸರು ಪಡೆದಿದೆ. ಔಷಧ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ, ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ತುರಿಕೆ ಎರಡು ದಿನದಲ್ಲಿ ನಿಂತು, ಒಳಗೊಳಗೇ ರೋಗ ಅಗಲವಾಗುತ್ತದೆ. ಇಂಥದ್ದಕ್ಕೆ ಅರಿಷಿಣ ಮೆತ್ತಿ ತಿಂಗಳು ಕಳೆದರೆ ಅಷ್ಟರಲ್ಲಿ ಮನೆಮಂದಿಗೆಲ್ಲ ಹತ್ತಿರುತ್ತದೆ. ಬೆರಳಸಂದಿ ಒರೆಸಿ ಒಣಗಿಸುವುದು, ಒಳಬಟ್ಟೆ ಬಿಸಿಲಿಗೆ ಹಾಕುವುದು, ಟವೆಲ್ಲು ಹಂಚಿಕೊಳ್ಳದಿರುವುದು ಮನೆಯಲ್ಲಿ ಮಾಡುವ ಕೆಲಸ. ಉಳಿದದ್ದು ಡಾಕ್ಟರರದ್ದು, ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಬೇಗ. 2021ರಲ್ಲಿ ಕಪ್ಪು ಶಿಲೀಂಧ್ರದ ಕಾಯಿಲೆ ಹರಡಿದಾಗ ಪಟಕ, ಅರಿಷಿಣ, ಸೈಂಧವ ಉಪ್ಪು, ಸಾಸಿವೆ ಎಣ್ಣೆಯಿಂದ ಗುಣವಾಗುತ್ತದೆ ಎಂಬ ವಿಡಿಯೊ ಊರೆಲ್ಲ ಓಡಾಡಿತ್ತು. ಅದಕ್ಕೆ ಆಧಾರವಿಲ್ಲ ಎಂದು ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿಯೇ ಹೇಳಬೇಕಾಯಿತು. ಆ ಕಾಯಿಲೆಯಲ್ಲಿ ಒಂದೊಂದು ದಿನ ತಡವಾದರೂ ಕಣ್ಣು, ಪ್ರಾಣ ಹೋಗಬಹುದು.

ಇನ್ನೊಂದು ಸಣ್ಣ ಮಾತು: ಪೇಟೆಯಲ್ಲಿ ಸಿಗುವ ಹಳದಿ ಪುಡಿಯೆಲ್ಲ ಅರಿಷಿಣವಲ್ಲ. ಬಣ್ಣಕ್ಕೆಂದು ಸೀಸದ ಕ್ರೋಮೇಟ್, ಮೆಟಾನಿಲ್ ಹಳದಿ ಬೆರೆಸುವುದು ಹಳೆಯ ಕಲಬೆರಕೆ. ದೇವರಿಗೆ ಹಾರಿಸುವ ಭಂಡಾರವನ್ನು ಗಾಯಕ್ಕೆ, ಹಾಲಿಗೆ ಬಳಸದೆ, ಅದಕ್ಕೆ ಕೊಂಬು ತಂದು ಬೀಸಿಸಿಕೊಳ್ಳಿ.

ಹೊಲಕ್ಕೆ, ಚಪ್ಪಲಿಗೆ

ಹೊಲದ ವಿಷಯ ಸಂಕ್ಷೇಪವಾಗಿ. ಟ್ರೇಯಲ್ಲಿ ಬದನೆ, ಟೊಮೆಟೊ ಸಸಿ ಮಾಡುವವರು ಬುಡ ಕೊಳೆಯದಂತೆ ಮಣ್ಣಿನ ಮೇಲೆ ದಾಲ್ಚಿನ್ನಿ ಪುಡಿ ಉದುರಿಸುವುದುಂಟು, ಹಿತ್ತಲಿನ ಮಟ್ಟಿಗೆ ತಪ್ಪಿಲ್ಲ. ಎಕರೆಗಟ್ಟಲೆ ಅರಿಷಿಣಕ್ಕೆ ಬಸಿಗಾಲುವೆ, ಏರುಮಡಿ, ರೋಗವಿಲ್ಲದ ಬೀಜದ ಗಡ್ಡೆ, ಟ್ರೈಕೊಡರ್ಮಾ ಉಪಚಾರವೇ ದಾರಿ. ಟ್ರೈಕೊಡರ್ಮಾ ಸ್ವತಃ ಒಂದು ಶಿಲೀಂಧ್ರ, ರೈತನ ಕಡೆಯದು. ಅದನ್ನು ಹಾಕಿದ ಮಡಿಗೆ ಬೆಳ್ಳುಳ್ಳಿ ಕಷಾಯ, ದಾಲ್ಚಿನ್ನಿ ಹಾಕಿದರೆ ಅದೂ ಸಾಯುತ್ತದೆ. ಮಸಾಲೆಗೆ ನಮ್ಮವರು, ಪರರು ಎಂಬ ಭೇದ ಗೊತ್ತಿಲ್ಲ. ಬ್ರೆಡ್ಡಿನ ಹಿಟ್ಟಿಗೆ ದಾಲ್ಚಿನ್ನಿ ಹೆಚ್ಚಾದರೆ ಉಬ್ಬದಿರುವುದೂ ಇದೇ ಕಾರಣಕ್ಕೆ. ಉಬ್ಬಿಸುವ ಯೀಸ್ಟೂ ಶಿಲೀಂಧ್ರವೇ.

ಅಥಣಿ, ನಿಪ್ಪಾಣಿ ಕಡೆ ಹೊಲಿಯುವ ಕೊಲ್ಹಾಪುರಿ ಚಪ್ಪಲಿಗೆ (2019ರಲ್ಲಿ ಕರ್ನಾಟಕ–ಮಹಾರಾಷ್ಟ್ರ ಎರಡಕ್ಕೂ ಸೇರಿ ಭೌಗೋಳಿಕ ಗುರುತು ಸಿಕ್ಕಿತು) ಮಳೆಗಾಲದಲ್ಲಿ ಬೂಸರು ತಪ್ಪಿದ್ದಲ್ಲ. ಗಿಡಮೂಲಿಕೆಯಿಂದ ಹದ ಮಾಡಿದ ತೊಗಲು ತೇವ ಎಳೆದುಕೊಳ್ಳುತ್ತದೆ. ಬೂಸರು ಕಂಡರೆ ಅಂಗಳಕ್ಕೆ ಒಯ್ದು ಒಣ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಗಾಳಿಗೆ ಒಣಗಿಸಿ. ಒಂದು ಚಮಚ ಔಡಲ ಎಣ್ಣೆಗೆ ಎರಡು ಹನಿ ಲವಂಗದೆಣ್ಣೆ ಸೇರಿಸಿ ತೆಳ್ಳಗೆ ಸವರಬಹುದು. ಮೊದಲು ಅಡಿಯಲ್ಲಿ ಕಾಣದ ಜಾಗದಲ್ಲಿ ಹಚ್ಚಿ ಬಣ್ಣ ಕೆಡುವುದಿಲ್ಲವೆಂದು ಖಚಿತ ಮಾಡಿಕೊಳ್ಳಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಹಳೆಯ ಪತ್ರಿಕೆಯಲ್ಲಿ ಸುತ್ತಿಡಿ. ಟ್ರಂಕಿನ ಸೀರೆಗೆ, ಪುಸ್ತಕದ ಕಪಾಟಿಗೆ ಜಜ್ಜಿದ ಲವಂಗ, ಅಜವಾನ, ಬಜೆ ಕಟ್ಟಿದ ಬಟ್ಟೆ ಗಂಟು ಇಡಬಹುದು. ಜಜ್ಜಿದ್ದರಿಂದ ವಾಸನೆ ಬೇಗ ಹೋಗುತ್ತದೆ, ಎರಡು ತಿಂಗಳಿಗೊಮ್ಮೆ ಬದಲಿಸಿ. ಗೋಡೆಯ ಬೂಸರಿಗೆ ಮಾತ್ರ ಮಸಾಲೆ ವ್ಯರ್ಥ. ನೀರು ಎಲ್ಲಿಂದ ಏರುತ್ತಿದೆಯೋ ಅದನ್ನು ನಿಲ್ಲಿಸಿ, ಕಿಟಕಿ ತೆರೆದು ಒಣಗಿಸಿ ಸುಣ್ಣ ಹೊಡೆಸಿ.

ಮನೆಯಲ್ಲಿ ಓದುವ ಮಕ್ಕಳಿದ್ದರೆ ಒಂದು ಪ್ರಯೋಗ ಮಾಡಿಸಿ. ಒಂದೇ ಅಳತೆಯ ಮೂರು ಪಾರದರ್ಶಕ ಡಬ್ಬಿ, ಮೂರರಲ್ಲೂ ಒಂದೇ ರೊಟ್ಟಿಯ ತುಂಡು, ಮೇಲೆ ಎರಡು ಹನಿ ನೀರು. ಒಂದರಲ್ಲಿ ಇಡೀ ಸಾಸಿವೆ ಒಂದು ಚಮಚ. ಇನ್ನೊಂದರಲ್ಲಿ ಅಷ್ಟೇ ಸಾಸಿವೆಯ ಪುಡಿ, ತಣ್ಣೀರಲ್ಲಿ ಕಲಸಿ ಸಣ್ಣ ಬಟ್ಟಲಲ್ಲಿ, ರೊಟ್ಟಿಗೆ ತಾಗದಂತೆ. ಮೂರನೆಯದರಲ್ಲಿ ಏನೂ ಇಲ್ಲ. ಮುಚ್ಚಿ ಟೇಪು ಹಚ್ಚಿ, ದಿನಾ ಹೊರಗಿನಿಂದಲೇ ನೋಡಿ ಬರೆದಿಡಲಿ. ಕಲಸಿದ ಸಾಸಿವೆಯ ಡಬ್ಬಿ ಎಲ್ಲಕ್ಕಿಂತ ತಡವಾಗಿ ಬೂಸರು ಹಿಡಿಯಬೇಕು. ಮುಗಿದ ಮೇಲೆ ತೆರೆದು ಮೂಸದೆ ಡಬ್ಬಿ ಸಮೇತ ಕಸಕ್ಕೆ.

ಕೊನೆಗೆ ಮಸಾಲೆ ಡಬ್ಬಿಯ ಜಾಗದ ಬಗ್ಗೆ. ಹೆಚ್ಚಿನ ಮನೆಗಳಲ್ಲಿ ಅದು ಒಲೆಯ ಪಕ್ಕದಲ್ಲೇ ಇರುತ್ತದೆ, ಕೈಗೆ ಸಿಗಲೆಂದು. ಕುದಿಯುವ ಸಾರಿನ ಮೇಲೆ ಡಬ್ಬಿ ಬಗ್ಗಿಸಿ ಪುಡಿ ಉದುರಿಸುವುದು, ಹಸಿ ಚಮಚ ಅದ್ದುವುದು ದಿನದ ರೂಢಿ. ಪ್ರತಿ ಸಲ ಒಳಗೆ ಹೋಗುವ ಹಬೆ ಪುಡಿಯನ್ನು ಗಂಟು ಕಟ್ಟಿಸುತ್ತದೆ, ಬಿಸಿ ಅದರ ಎಣ್ಣೆಯನ್ನು ಹಾರಿಸುತ್ತದೆ. ಬೂಸರು ತಡೆಯುವ ಗುಣ ಹೋಗಿ, ಬೂಸರಿಗೆ ಬೇಕಾದ ತೇವ ಬಂದಿರುತ್ತದೆ. ಡಬ್ಬಿಯನ್ನು ಒಲೆಯಿಂದ ಎರಡು ಮೊಳ ದೂರದ ಕಪಾಟಿಗೆ ಸರಿಸಿ. ಬೇಕಾದಷ್ಟನ್ನು ಒಣ ಚಮಚದಿಂದ ಅಂಗೈಗೋ ತಟ್ಟೆಗೋ ತೆಗೆದುಕೊಂಡು, ಮುಚ್ಚಳ ಹಾಕಿ, ಆಮೇಲೆ ಪಾತ್ರೆಗೆ ಹಾಕಿ. ಲವಂಗ, ದಾಲ್ಚಿನ್ನಿಗಳನ್ನು ಇಡಿಯಾಗಿ ಕೊಂಡು ತಿಂಗಳಿಗೆ ಬೇಕಾದಷ್ಟೇ ಪುಡಿಮಾಡಿ. ಬೆರಳಲ್ಲಿ ತಿಕ್ಕಿದರೂ ಮೂಗಿಗೆ ಬಾರದ ಪುಡಿಯನ್ನು ಅಡುಗೆಗೆ ಹಾಕಿ ಮುಗಿಸಿ, ಉಪ್ಪಿನಕಾಯಿಗೆ ಬೇಡ.